ಬೈಕಿನ ವಿಂಡ್‌ಶೀಲ್ಡ್ ಗೀರು ಬೀಳದಂತೆ ತೊಳೆಯುವುದು ಹೇಗೆ: ಮೊದಲು ನೀರು, ಆಮೇಲೆ ನೆನೆಸು, ಕೊನೆಗೆ ಬಟ್ಟೆ

ಹೊಸ ವಿಂಡ್‌ಶೀಲ್ಡ್ ಹಾಕಿಸಿ ಆರು ತಿಂಗಳಾಗಿರುವುದಿಲ್ಲ, ರಾತ್ರಿ ಎದುರು ಬರುವ ಲಾರಿಯ ಲೈಟು ಬಿದ್ದರೆ ಜೇಡರ ಬಲೆಯಂತೆ ಗೀರುಗಳು ಎದ್ದು ಕಾಣುತ್ತವೆ. ಹೀಗಾದವರಲ್ಲಿ ಹೆಚ್ಚಿನವರು ಗಾಡಿಯನ್ನು ಚೆನ್ನಾಗಿ ನೋಡಿಕೊಳ್ಳುವವರೇ. ದಿನಾ ಬೆಳಿಗ್ಗೆ ಸೀಟಿನಡಿಯಿಂದ ಬಟ್ಟೆ ತೆಗೆದು ಗ್ಲಾಸು ಒರೆಸಿ ಹೊರಡುವವರು. ಗೀರು ಬಿದ್ದದ್ದು ಆ ಒರೆಸಿದ್ದರಿಂದಲೇ.

ನಮ್ಮ ಭಾಗದಲ್ಲಿ ಇದಕ್ಕೆ ಎರಡು ಕಾರಣ ಒಟ್ಟಿಗೆ ಸೇರುತ್ತವೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಜಿಲ್ಲೆಯ ನೆಲ ಬಂಡೆಗಲ್ಲಿನದು. ಜಲ್ಲಿ ಕ್ರಷರ್‌ಗಳ ಪುಡಿ, ಎಂ-ಸ್ಯಾಂಡ್ ಲಾರಿಗಳಿಂದ ಉದುರುವ ಮರಳು, ಕೆಮ್ಮಣ್ಣಿನ ದಾರಿಯ ಧೂಳು, ಎಲ್ಲದರಲ್ಲೂ ಬೆಣಚುಕಲ್ಲಿನ ಕಣ ಇರುತ್ತದೆ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚುಕಲ್ಲು 7, ಚಾಕುವಿನ ಉಕ್ಕು 5.5ರ ಆಸುಪಾಸು. ವಿಂಡ್‌ಶೀಲ್ಡಿನ ಪ್ಲಾಸ್ಟಿಕ್ಕು ಇವೆರಡಕ್ಕಿಂತ ಎಷ್ಟೋ ಕೆಳಗೆ. ಇನ್ನೊಂದು ನೀರು. ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ಗಡಸು ನೀರು ಒಣಗಿದ ಜಾಗದಲ್ಲೆಲ್ಲ ಬಿಳಿ ಮಚ್ಚೆ ಬಿಡುತ್ತದೆ. ಸೋಲಾರ್ ಪೈಪಿನೊಳಗೆ, ನಲ್ಲಿಯ ತುದಿಯಲ್ಲಿ ಕಟ್ಟುವ ಬಿಳಿ ಹಕ್ಕಳೆಯೇ ಇದು. ನಮ್ಮ ಧೂಳೂ ಕಲ್ಲು, ನಮ್ಮ ನೀರೊಳಗೆ ಕರಗಿರುವುದೂ ಕಲ್ಲು. ಆದ್ದರಿಂದ ಇಲ್ಲಿ ಒರೆಸುವ ಕೈಚಳಕಕ್ಕಿಂತ ಕೆಲಸದ ಅನುಕ್ರಮ ಮುಖ್ಯ. ಕಲ್ಲಿನ ಕಣ ಪೂರ್ತಿ ಇಳಿದುಹೋಗುವ ತನಕ ಬಟ್ಟೆ ಪ್ಲಾಸ್ಟಿಕ್ಕಿಗೆ ತಾಗಬಾರದು.

## ಶುರು ಮಾಡುವ ಮೊದಲು: ನಿಮ್ಮದು ಯಾವ ಪ್ಲಾಸ್ಟಿಕ್?

ಎಲ್ಲರೂ "ಗ್ಲಾಸು" ಎಂದರೂ ಬೈಕಿನ ವಿಂಡ್‌ಶೀಲ್ಡಿನಲ್ಲಿ ಗಾಜಿಲ್ಲ. ಅದು ಅಕ್ರಿಲಿಕ್ ಇರುತ್ತದೆ, ಇಲ್ಲವೇ ಪಾಲಿಕಾರ್ಬೊನೇಟ್. ಕೆಳ ಅಂಚಿನಲ್ಲಿ ಅಥವಾ ಬ್ರಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ಪಿಎಂಎಂಎ ಎಂದಿದ್ದರೆ ಅಕ್ರಿಲಿಕ್, ಪಿಸಿ ಎಂದಿದ್ದರೆ ಪಾಲಿಕಾರ್ಬೊನೇಟ್. ಗುರುತು ಸಿಗದಿದ್ದರೆ ಬಿಲ್ಲು ಅಥವಾ ಡಬ್ಬಿಯ ಮೇಲೆ ನೋಡಿ.

ವ್ಯತ್ಯಾಸ ತಿಳಿದಿರಬೇಕು. ಅಕ್ರಿಲಿಕ್ ಸ್ವಲ್ಪ ಗಡಸು, ಪೆಟ್ಟು ಬಿದ್ದರೆ ಸೀಳುತ್ತದೆ. ಪಾಲಿಕಾರ್ಬೊನೇಟ್ ಬಗ್ಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಮೈ ತುಂಬಾ ಮೆತ್ತಗೆ. ಅದಕ್ಕೇ ಒಳ್ಳೆಯ ಪಾಲಿಕಾರ್ಬೊನೇಟ್ ಶೀಲ್ಡ್‌ಗಳಿಗೆ ಗೀರು ತಡೆಯುವ ತೆಳು ಲೇಪನ ಕೊಟ್ಟಿರುತ್ತಾರೆ. ಆ ಲೇಪನವಿದ್ದರೆ ಮುಂದೆ ಹೇಳುವ ಪಾಲಿಶ್ ಕೆಲಸಕ್ಕೆ ಕೈ ಹಾಕುವಂತಿಲ್ಲ. ಯಾವುದೆಂದು ಗೊತ್ತಾಗದಿದ್ದರೆ ಲೇಪನವಿರುವ ಪಾಲಿಕಾರ್ಬೊನೇಟ್ ಎಂದೇ ಭಾವಿಸಿ ಕೆಲಸ ಮಾಡಿ. ಅದಕ್ಕೆ ಆಗುವ ಕ್ರಮ ಎರಡಕ್ಕೂ ಆಗುತ್ತದೆ.

## ಬೇಕಾದ ಸಾಮಾನು

- ಬಕೆಟ್ ಎರಡು. ಒಂದು ಸೋಪಿನ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸಲು.
- ಮಾಮೂಲಿ ನೀರು ಸುಮಾರು 10 ಲೀಟರ್. ನೀರಿಗೆ ತತ್ವಾರವಿದ್ದರೆ ಗಿಡಕ್ಕೆ ನೀರು ಹಾಕುವ ಶವರ್ ಕ್ಯಾನಿನಲ್ಲಿ 6 ಲೀಟರ್‌ಗೂ ಮುಗಿಸಬಹುದು.
- ಕೊನೆಯ ಜಾಲಾಟಕ್ಕೆ ಆರ್‌ಒ ನೀರು 1 ಲೀಟರ್. ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು ಸಾಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಕ್ಕರೆ ಇನ್ನೂ ಒಳ್ಳೆಯದು.
- ಕಾರ್ ಶಾಂಪೂ. ಇಲ್ಲದಿದ್ದರೆ ಮಕ್ಕಳ ಶಾಂಪೂ.
- 300ರಿಂದ 400 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ಮೈಕ್ರೊಫೈಬರ್ ಬಟ್ಟೆ ಮೂರು, ಮೂರು ಬೇರೆ ಬಣ್ಣದವು. ಒಂದು ನೆನೆಸಲು, ಒಂದು ತೊಳೆಯಲು, ಒಂದು ಒಣಗಿಸಲು. ಬದಿಯ ಲೇಬಲ್ ಚೀಟಿಯನ್ನು ಕತ್ತರಿಸಿ ತೆಗೆಯಿರಿ, ಅದರ ಮೂಲೆಯೇ ಗೀಚುತ್ತದೆ.
- ಮೀಟರ್ ಮತ್ತು ಮೊಬೈಲ್ ಚಾರ್ಜರ್ ಸಾಕೆಟ್ ಮುಚ್ಚಲು ಒಂದು ಪ್ಲಾಸ್ಟಿಕ್ ಕವರು.

ಬಟ್ಟೆ ಸೋಪಿನ ಬಾರು, ಮೈಸೋಪು ಬೇಡ. ಗಡಸು ನೀರಿಗೆ ಸೋಪು ಸೇರಿದರೆ ಮೊಸರೊಡೆದಂತೆ ಬಿಳಿ ಗಸಿ ಏಳುತ್ತದೆ, ಅದನ್ನು ತೆಗೆಯಲು ಮತ್ತೆ ಉಜ್ಜಬೇಕಾಗುತ್ತದೆ. ಶಾಂಪೂ ಹೀಗೆ ಗಸಿ ಕಟ್ಟುವುದಿಲ್ಲ.

ಹತ್ತಿರಕ್ಕೂ ತರಬಾರದವು ಇನ್ನೂ ಇವೆ. ಪಾತ್ರೆ ತಿಕ್ಕುವ ಪುಡಿ, ಹಸಿರು ಸ್ಕ್ರಬ್ಬರ್, ಟೂತ್‌ಪೇಸ್ಟ್, ನ್ಯೂಸ್‌ಪೇಪರ್, ಗ್ಯಾರೇಜಿನ ಕಾಟನ್ ವೇಸ್ಟ್. ಹಿತ್ತಾಳೆ ಪಾತ್ರೆಗೆ ಉಜ್ಜುವ ಹುಣಸೆಹುಳಿಯೂ ಬೇಡ, ಅದರ ನಾರು, ಸಿಪ್ಪೆಯ ಚೂರು ಎರಡೂ ಗೀಚುತ್ತವೆ. ಲಾಂದ್ರದ ಬುರುಡೆಯನ್ನು ಬೂದಿ ಹಾಕಿ ಬೆಳಗಿಸುತ್ತಿದ್ದರಲ್ಲ, ಅದು ಗಾಜಿಗೆ ನಡೆಯುತ್ತಿತ್ತು. ಇಲ್ಲಿ ಅದೇ ಕೆಲಸ ಮಾಡಿದರೆ ಉಪ್ಪುಕಾಗದ ಹಾಕಿದಂತೆ.

ದ್ರವಗಳಲ್ಲಿ ಪೆಟ್ರೋಲ್, ಥಿನ್ನರ್, ನೇಲ್‌ಪಾಲಿಶ್ ರಿಮೂವರ್, ಸ್ಯಾನಿಟೈಸರ್, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಇವು ಬೇಡ. ಇವು ಗೀಚುವುದಿಲ್ಲ, ಒಳಗಿನಿಂದ ಕೆಡಿಸುತ್ತವೆ. ಬೋಲ್ಟ್ ಬಿಗಿದ ತೂತಿನ ಸುತ್ತ ಪ್ಲಾಸ್ಟಿಕ್ ಸದಾ ಎಳೆತದಲ್ಲಿರುತ್ತದೆ. ಈ ದ್ರವಗಳು ಅಲ್ಲಿಗೆ ಇಳಿದರೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ, ಕೆಲವೊಮ್ಮೆ ಅದೇ ದಿನ, ಕೆಲವೊಮ್ಮೆ ವಾರಗಳ ನಂತರ. ಕಾರಣ ಯಾವುದೆಂದು ಅಷ್ಟು ಹೊತ್ತಿಗೆ ಮರೆತೇ ಹೋಗಿರುತ್ತದೆ.

## ಹಂತ 1: ನೆರಳಿಗೆ ತಂದು ತಣಿಯಲು ಬಿಡಿ

ಬಿಸಿಲಲ್ಲಿ ನಿಂತ ಶೀಲ್ಡ್ ಮುಟ್ಟಿದರೆ ಕೈಗೆ ಬಿಸಿ ತಾಗಬಾರದು, ಅಷ್ಟು ತಣಿಯಬೇಕು. ನೆರಳಲ್ಲಿ 20 ನಿಮಿಷ ಸಾಕು. ಬಿಸಿ ಪ್ಲಾಸ್ಟಿಕ್ ಮೇಲೆ ಸೋಪಿನ ನೀರು ತೊಳೆಯುವ ಮೊದಲೇ ಒಣಗಿ ಅಂಟಿಕೊಳ್ಳುತ್ತದೆ, ಗಡಸು ನೀರಾದರೆ ಮಚ್ಚೆಯೂ ಖಾಯಂ. ಬೆಳಿಗ್ಗೆ 8ರೊಳಗೆ ಅಥವಾ ಸಂಜೆ ಹೊತ್ತು ಮುಳುಗುವ ಮೊದಲು ಒಳ್ಳೆಯ ಸಮಯ. ಹೊಂಗೆ ಮರದ ಕೆಳಗೆ ನಿಲ್ಲಿಸಬೇಡಿ, ತೊಳೆದು ಮುಗಿಸುವಷ್ಟರಲ್ಲಿ ಹೂ ಉದುರಿ ಒದ್ದೆ ಮೈಗೆ ಅಂಟಿರುತ್ತದೆ.

ಕೈಯಲ್ಲಿನ ಉಂಗುರ, ವಾಚು, ಕಡಗ ತೆಗೆದಿಡಿ. ಜಾಕೆಟ್ಟಿನ ಜಿಪ್ಪೂ ಗೀಚುತ್ತದೆ.

## ಹಂತ 2: ಮುಟ್ಟದೆ ನೀರು ಹರಿಸಿ

ಇಡೀ ಕೆಲಸದ ಜೀವ ಈ ಹಂತದಲ್ಲಿದೆ. ಎಲ್ಲರೂ ಅವಸರ ಮಾಡುವುದೂ ಇಲ್ಲಿಯೇ.

ಮೇಲಿನ ಅಂಚಿನಿಂದ ಶುರು ಮಾಡಿ, ನೀರು ಹಾಳೆಯಂತೆ ಕೆಳಗಿಳಿಯಬೇಕು. ಕನಿಷ್ಠ ಎರಡು ನಿಮಿಷ. ಹೊರಗಿನ ಮೈಗೆ ಒಮ್ಮೆ, ಒಳಗಿನ ಮೈಗೆ ಒಮ್ಮೆ, ಆಮೇಲೆ ಬ್ರಾಕೆಟ್ ಮತ್ತು ಬೋಲ್ಟಿನ ಸಂದಿಗಳಿಗೆ. ಸಂದಿಯಲ್ಲಿ ಕೂತ ಮರಳು ಬಟ್ಟೆ ತಾಗಿದಾಗ ಹೊರಗೆ ಬಂದು ಮಧ್ಯದವರೆಗೆ ಎಳೆದುಕೊಂಡು ಹೋಗುತ್ತದೆ. ಕೆಳಭಾಗದ ಗೀರುಗಳು ಬಹುಪಾಲು ಬರುವುದು ಹೀಗೆ.

ನೀರು ಸಾಕಾಯಿತೇ ಎಂದು ನೋಡುವುದು ಹೇಗೆ? ಕೆಳಗಿನ ಅಂಚಿನಿಂದ ಬೀಳುವ ನೀರನ್ನು ಅಂಗೈಯಲ್ಲಿ ಹಿಡಿಯಿರಿ. ಹೆಬ್ಬೆರಳಿಂದ ಉಜ್ಜಿದಾಗ ಮರಳಿನ ನೊರಜು ತಾಗಿದರೆ ಇನ್ನೂ ಹರಿಸಬೇಕು. ನೀರು ಕೆಂಪಾಗಿದ್ದರಂತೂ ಹೇಳಬೇಕಾಗಿಯೇ ಇಲ್ಲ.

ವಾಟರ್ ಸರ್ವಿಸ್‌ಗೆ ಕೊಡುವವರು ಎರಡು ಮಾತು ಮೊದಲೇ ಹೇಳಿ. ಪ್ರೆಷರ್ ಗನ್ ಹತ್ತಿರ ಹಿಡಿದು ಶೀಲ್ಡಿಗೆ ಹೊಡೆಯಬಾರದು, ರಭಸಕ್ಕೆ ಕಣ ಇಳಿಯುವುದರ ಜೊತೆಗೆ ಮೈಮೇಲೆ ಉಜ್ಜಿಕೊಂಡೂ ಹೋಗುತ್ತದೆ. ಮತ್ತು ಇಂಜಿನ್ನಿಗೆ, ಚಕ್ರಕ್ಕೆ ಹೊಡೆಯುವ ಕ್ಷಾರದ (ಕಾಸ್ಟಿಕ್) ಫೋಮ್ ಶೀಲ್ಡಿಗೆ ಬೀಳಬಾರದು. ಪಾಲಿಕಾರ್ಬೊನೇಟಿಗೆ ಕಾಸ್ಟಿಕ್ ಆಗಿಬರುವುದಿಲ್ಲ. ಹುಡುಗರು ಸೀಟು, ಚೈನ್‌ಕವರು ಒರೆಸಿದ ಬಟ್ಟೆಯಲ್ಲೇ ಕೊನೆಗೆ ಗ್ಲಾಸಿಗೂ ಕೈ ಹಾಕುತ್ತಾರೆ. "ಗ್ಲಾಸು ಮುಟ್ಟಬೇಡಪ್ಪ, ನೀರು ಮಾತ್ರ ಬಿಡು" ಎಂದು ಹೇಳಿ, ಅದನ್ನು ಮನೆಗೆ ಬಂದು ನೀವೇ ಮಾಡಿಕೊಳ್ಳಿ.

## ಹಂತ 3: ಹುಳುಗಳನ್ನು ನೆನೆಸಿ ಬಿಡಿಸಿ

ಸಂಜೆ ಕೆರೆ ಏರಿ ಮೇಲೆ ಬಂದರೆ, ಮೊದಲ ಮಳೆಯ ನಂತರ ರೆಕ್ಕೆಯ ಗೆದ್ದಲು ಎದ್ದ ದಿನ ಬಂದರೆ ಶೀಲ್ಡಿನ ಮೇಲ್ಭಾಗ ಹುಳುಗಳಿಂದ ತುಂಬಿರುತ್ತದೆ. ಹುಳುವಿನ ರಸ ಒಣಗಿದರೆ ಗೋಂದಿನಂತೆ ಹಿಡಿಯುತ್ತದೆ, ಅದರಲ್ಲಿ ಕಲ್ಲಿನ ಪುಡಿಯೂ ಕೂತಿರುತ್ತದೆ. ಉಗುರಿನಿಂದ ಕೆರೆದರೆ ಆ ಪುಡಿಯನ್ನು ಒತ್ತಿ ಎಳೆದಂತಾಗುತ್ತದೆ.

ನೆನೆಸುವ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡದೆ, ಹುಳು ಇರುವ ಜಾಗದ ಮೇಲೆ ಹೊದಿಸಿ. 10ರಿಂದ 15 ನಿಮಿಷ ಬಿಡಿ, ನಡುವೆ ಒಮ್ಮೆ ಮೇಲಿಂದ ನೀರು ಹಾಕಿ ಒದ್ದೆ ಆರದಂತೆ ನೋಡಿಕೊಳ್ಳಿ. ಜ್ವರಕ್ಕೆ ಹಣೆಗೆ ಒದ್ದೆಬಟ್ಟೆ ಹಾಕುತ್ತೀರಲ್ಲ, ಹಾಗೆ. ಕುದಿಯುವ ನೀರು ಬೇಡವೇ ಬೇಡ. ಆಮೇಲೆ ಬಟ್ಟೆಯನ್ನು ಎಳೆಯದೆ ಎತ್ತಿ ತೆಗೆದು ನೀರು ಹರಿಸಿ. ಮುಕ್ಕಾಲು ಭಾಗ ಹುಳು ನೀರಿನ ಜೊತೆಗೇ ಹೋಗುತ್ತದೆ. ಉಳಿದದ್ದಕ್ಕೆ ಇನ್ನೊಂದು ಸಲ ನೆನೆಸಿ, ಬಲ ಹಾಕಬೇಡಿ.

ಹಕ್ಕಿಹಿಕ್ಕೆಗೂ ಇದೇ ಕ್ರಮ. ಅದರಲ್ಲಿ ಮರಳು, ಬೀಜ ಎರಡೂ ಇರುತ್ತವೆ.

ಡಾಂಬರಿನ ಚುಕ್ಕೆ ನೀರಿಗೆ ಬಗ್ಗುವುದಿಲ್ಲ. ಹತ್ತಿಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ತೆಗೆದುಕೊಂಡು ಚುಕ್ಕೆಯ ಮೇಲೆ ಮಾತ್ರ ಐದು ನಿಮಿಷ ಇಟ್ಟು, ಮೆತ್ತಗಾದ ಮೇಲೆ ಹತ್ತಿಯಿಂದಲೇ ಎತ್ತಿ. ಎಣ್ಣೆಯ ಜಿಡ್ಡು ಮುಂದಿನ ಹಂತದ ಶಾಂಪೂಗೆ ಹೋಗುತ್ತದೆ.

## ಹಂತ 4: ಶಾಂಪೂ ನೀರು, ನೇರ ಗೆರೆ

5 ಲೀಟರ್ ನೀರಿಗೆ 10 ಮಿಲಿ ಕಾರ್ ಶಾಂಪೂ, ಅಂದರೆ ಎರಡು ಟೀಚಮಚ. ಬಾಟಲಿಯ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಜಾಸ್ತಿ ಹಾಕಿದರೆ ಜಾಸ್ತಿ ಶುಭ್ರವಾಗುವುದಿಲ್ಲ, ತೊಳೆಯಲು ಜಾಸ್ತಿ ನೀರು ಬೇಕಾಗುತ್ತದೆ ಅಷ್ಟೇ.

ತೊಳೆಯುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ. ಹೀಗೆ ಮಡಿಸಿದರೆ ಎಂಟು ಮುಖ ಸಿಗುತ್ತವೆ. ಮೇಲಿನಿಂದ ಕೆಳಗೆ ನೇರವಾಗಿ ಒಂದು ಗೆರೆ ಎಳೆದು ಬಟ್ಟೆಯ ಮುಖ ತಿರುಗಿಸಿ, ಪಕ್ಕದ ಗೆರೆ ಹಿಡಿಯಿರಿ. ನಾಲ್ಕು ಮುಖ ಆದ ಮೇಲೆ ಜಾಲಿಸುವ ಬಕೆಟ್ಟಿನಲ್ಲಿ ಬಟ್ಟೆ ಹಿಂಡಿ, ಆಮೇಲಷ್ಟೇ ಮತ್ತೆ ಸೋಪಿನ ನೀರಿಗೆ. ಬಟ್ಟೆಯ ಸ್ವಂತ ಭಾರವೇ ಸಾಕು, ಕೈ ಅದನ್ನು ನಡೆಸಬೇಕು, ಒತ್ತಬಾರದು.

ದುಂಡಗೆ ತಿರುಗಿಸಿ ಒರೆಸುವ ಅಭ್ಯಾಸ ಬಿಡಬೇಕು. ಎಷ್ಟೇ ಎಚ್ಚರ ಇದ್ದರೂ ಒಂದೆರಡು ಸೂಕ್ಷ್ಮ ಗೀರು ಬಿದ್ದೇ ಬೀಳುತ್ತದೆ. ನೇರ ಗೀರು ಒಂದು ದಿಕ್ಕಿನ ಬೆಳಕಿಗೆ ಮಾತ್ರ ಹೊಳೆಯುತ್ತದೆ. ದುಂಡನೆಯ ಗೀರಿನ ಒಂದಲ್ಲ ಒಂದು ತುಂಡು ಯಾವ ಕಡೆಯ ಬೆಳಕಿಗೂ ಹೊಳೆಯುತ್ತದೆ, ರಾತ್ರಿ ಎದುರಿನ ಹೆಡ್‌ಲೈಟಿನ ಸುತ್ತ ಕಾಣುವ ಬಲೆ ಅದೇ.

ಇಲ್ಲಿ ಕಿವಿಯೂ ಕೆಲಸ ಮಾಡಬೇಕು. ಸರಿಯಾಗಿ ನಡೆದರೆ ಬಟ್ಟೆ ಸದ್ದಿಲ್ಲದೆ ಜಾರುತ್ತದೆ. ಸಣ್ಣಗೆ "ಸರ್ರ್" ಎಂಬ ಸದ್ದು ಬಂದರೆ ಅಥವಾ ಬೆರಳಿಗೆ ಕಾಳು ಉರುಳಿದಂತೆ ಅನಿಸಿದರೆ ಆ ಕ್ಷಣ ಕೈ ಎತ್ತಿ. ಮುಂದಕ್ಕೂ ಎಳೆಯಬೇಡಿ, ಹಿಂದಕ್ಕೂ ಎಳೆಯಬೇಡಿ. ಬಟ್ಟೆ ಜಾಲಿಸಿ, ಹಂತ 2ಕ್ಕೆ ವಾಪಸ್ ಹೋಗಿ. ಬಟ್ಟೆ ಕೈ ತಪ್ಪಿ ನೆಲಕ್ಕೆ ಬಿತ್ತೋ, ಆವತ್ತಿಗೆ ಅದರ ಕೆಲಸ ಮುಗಿಯಿತು. ಜಾಡಿಸಿದರೆ ಹೋಗುವ ಕಣವಲ್ಲ ಅದು.

ಒಳಮೈ ಮರೆಯಬೇಡಿ. ಉಸಿರಿನ ತೇವ, ಬೆರಳಿನ ಜಿಡ್ಡು ಅಲ್ಲಿ ಕೂತಿರುತ್ತದೆ. ರಾತ್ರಿಯ ಮಬ್ಬಿಗೆ ಗೀರಿಗಿಂತ ಇದೇ ಎಷ್ಟೋ ಸಲ ಕಾರಣ.

## ಹಂತ 5: ಜಾಲಿಸಿ, ಕೊನೆಗೆ ಆರ್‌ಒ ನೀರು

ಮಾಮೂಲಿ ನೀರಿನಲ್ಲಿ ನೊರೆ ಪೂರ್ತಿ ಹೋಗುವವರೆಗೆ ತೊಳೆದು, ಅದು ಆರುವ ಮೊದಲೇ ಆರ್‌ಒ ನೀರನ್ನು ಮೇಲಿನ ಅಂಚಿನುದ್ದಕ್ಕೂ ನಿಧಾನಕ್ಕೆ ಸುರಿಯಿರಿ. ಅರ್ಧ ಲೀಟರ್ ಹೊರಗೆ, ಅರ್ಧ ಲೀಟರ್ ಒಳಗೆ. ಬೋರ್ ನೀರನ್ನು ಈ ನೀರು ತಳ್ಳಿಕೊಂಡು ಹೋಗುತ್ತದೆ, ಮಚ್ಚೆಗೆ ಬೇಕಾದ ಸುಣ್ಣದಂಶ ಉಳಿಯುವುದಿಲ್ಲ. ಮನೆಯಲ್ಲಿ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವ ಸಾಧನ) ಇದ್ದರೆ 100ರ ಒಳಗಿನ ನೀರು ನೋಡಿಕೊಳ್ಳಿ.

## ಹಂತ 6: ಒಣಗಿಸುವುದು

ಒಣಗಿಸುವ ಬಟ್ಟೆಯನ್ನು ಶೀಲ್ಡಿನ ಮೇಲೆ ಹಾಸಿ, ಅಂಗೈಯಿಂದ ತಟ್ಟಿ ಎತ್ತಿ. ಎಳೆಯಬೇಡಿ. ಮೂರು ನಾಲ್ಕು ಕಡೆ ಹೀಗೆ ಒತ್ತಿ ಎತ್ತಿದರೆ ನೀರೆಲ್ಲ ಬಟ್ಟೆಗೆ ಬರುತ್ತದೆ. ಬೋಲ್ಟಿನ ಸುತ್ತ ಬಟ್ಟೆಯ ಮೂಲೆಯಿಂದ ಹೀರಿಸಿ.

ಒಣಗಿದ ಮೇಲೆ "ಇನ್ನೊಂದು ಸಲ ಮಿಂಚಲಿ" ಎಂದು ಒಣಬಟ್ಟೆಯಲ್ಲಿ ತಿಕ್ಕುವವರೇ ಹೆಚ್ಚು. ಪ್ಲಾಸ್ಟಿಕ್ಕನ್ನು ಒಣಗಿದ್ದಾಗ ಉಜ್ಜಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಗಾಳಿಯ ಧೂಳನ್ನೆಲ್ಲ ಸೆಳೆಯುತ್ತದೆ. ಹತ್ತೇ ನಿಮಿಷಕ್ಕೆ ಮತ್ತೆ ಪುಡಿ ಕೂರುತ್ತದೆ, ಮತ್ತೆ ಒರೆಸುತ್ತೀರಿ, ಗೀರು ಬೀಳುತ್ತದೆ.

## ಬಿಳಿ ಮಚ್ಚೆ ಆಗಲೇ ಬಿದ್ದಿದ್ದರೆ

ಹಂತ 5ರವರೆಗೆ ಪೂರ್ತಿ ಮುಗಿಸಿ, ಆಮೇಲೆ ಇದನ್ನು ಮಾಡಿ. ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಒಂದು ಭಾಗ, ಆರ್‌ಒ ನೀರು ಒಂದು ಭಾಗ. ಇದರಲ್ಲಿ ಅದ್ದಿದ ಬಟ್ಟೆಯನ್ನು ಮಚ್ಚೆಯ ಮೇಲೆ ಎರಡರಿಂದ ಮೂರು ನಿಮಿಷ ಹೊದಿಸಿ, ಒಣಗಲು ಬಿಡದೆ ತೆಗೆದು ಚೆನ್ನಾಗಿ ನೀರು ಹರಿಸಿ. ಹುಳಿಗೆ ಸುಣ್ಣದಂಶ ಕರಗುತ್ತದೆ, ತಿಕ್ಕುವ ಅಗತ್ಯವಿಲ್ಲ. ಲೋಹದ ಬ್ರಾಕೆಟ್ಟಿಗೆ ಬಿದ್ದದ್ದನ್ನೂ ತೊಳೆಯಿರಿ.

ಹಳೆಯ ಮಚ್ಚೆ ಒಂದೇ ಸಲಕ್ಕೆ ಹೋಗುವುದಿಲ್ಲ. ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಿ. ವಿನೆಗರ್ ಪ್ರಮಾಣ ಏರಿಸಬೇಡಿ, ಬಾತ್‌ರೂಮಿನ ಆಸಿಡ್ ಕಡೆ ಕಣ್ಣೂ ಹಾಯಿಸಬೇಡಿ. ನಿಂಬೆಹೋಳಿನಿಂದ ಉಜ್ಜುವುದೂ ಉಜ್ಜುವುದೇ.

## ಆಯುಧಪೂಜೆಯ ಮರುದಿನ

ಗಾಡಿಗೆ ಪೂಜೆ ಮಾಡಿಸಿ ಶೀಲ್ಡಿಗೆ ವಿಭೂತಿಪಟ್ಟೆ, ಅರಿಶಿನ, ಕುಂಕುಮ ಹಚ್ಚುವುದು ಸಹಜ. ಮರುದಿನ ಒಣಗಿದ ವಿಭೂತಿಯನ್ನು ಬಟ್ಟೆಯಿಂದ ಉಜ್ಜಿ ತೆಗೆಯುವಾಗ ಮೂರು ಬೆರಳಿನ ಆಕಾರದಲ್ಲೇ ಗೀರು ಉಳಿಯುತ್ತದೆ. ಸಗಣಿ ಸುಟ್ಟ ಬೂದಿಯಲ್ಲಿ ಸಿಲಿಕಾ ಇರುತ್ತದೆ, ಬೆಣಚುಕಲ್ಲಿನಲ್ಲಿ ಇರುವುದೂ ಅದೇ.

ಪೂಜೆಯನ್ನು ಹೆಡ್‌ಲೈಟಿನ ಮೇಲ್ಭಾಗದ ಲೋಹಕ್ಕೋ, ಟ್ಯಾಂಕಿಗೋ, ನಂಬರ್ ಪ್ಲೇಟಿಗೋ ಮಾಡಿ ಎಂದು ಅರ್ಚಕರಿಗೆ ಮೊದಲೇ ಹೇಳಿದರೆ ಅವರೂ ಒಪ್ಪುತ್ತಾರೆ. ಶೀಲ್ಡಿಗೇ ಹಚ್ಚಿದ್ದರೆ ಅದೇ ಸಂಜೆ ಹಂತ 2ರಿಂದ ಶುರು ಮಾಡಿ, ಪಟ್ಟೆಯ ಮೇಲೆ ಒದ್ದೆಬಟ್ಟೆ ಹತ್ತು ನಿಮಿಷ ಹೊದಿಸಿ, ನೀರಿನಿಂದಲೇ ಇಳಿಸಿ. ಅರಿಶಿನದ ಹಳದಿ ಉಳಿದರೆ ಚಿಂತೆ ಬೇಡ, ಅರಿಶಿನದ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ. ಕುಂಕುಮದ ಬಣ್ಣವನ್ನು ಹಾಗೆ ನಂಬುವಂತಿಲ್ಲ, ಅದನ್ನು ಮಾತ್ರ ಮಾರನೇ ದಿನಕ್ಕೆ ಉಳಿಸಬೇಡಿ.

## ದಾರಿಯಲ್ಲಿ ಹೋಗುವಾಗ

ಬಾಗೇಪಲ್ಲಿ ಕಡೆಗೆ ಎನ್‌ಎಚ್ 44, ಮುಳಬಾಗಿಲು ಕಡೆಗೆ ಎನ್‌ಎಚ್ 75, ಶಿರಾ ಕಡೆಗೆ ಎನ್‌ಎಚ್ 48, ಯಾವುದರಲ್ಲಿ ಹೋದರೂ ಬ್ಯಾಗಿನಲ್ಲಿ 200 ಮಿಲಿ ಸ್ಪ್ರೇ ಬಾಟಲಿಯಲ್ಲಿ ಆರ್‌ಒ ನೀರು ಮತ್ತು ಜಿಪ್ ಕವರಿನೊಳಗೆ ಶುಭ್ರವಾದ ಎರಡು ಬಟ್ಟೆ ಇರಲಿ. ಕಣ್ಣಿಗೆ ಅಡ್ಡ ಬರುವಷ್ಟು ಜಾಗಕ್ಕೆ ಮಾತ್ರ ಧಾರಾಳವಾಗಿ ನೀರು ಹೊಡೆದು, ಒಂದು ಬಟ್ಟೆ ನೆನೆಸಿಟ್ಟು, ಇನ್ನೊಂದರಿಂದ ತಟ್ಟಿ ಎತ್ತಿ. ಪೂರ್ತಿ ತೊಳೆಯುವುದು ಮನೆಗೆ ಬಂದ ಮೇಲೆ.

ಬಂಕಿನಲ್ಲಿ ಕಾರಿನ ಗಾಜು ಒರೆಸುವ ಬಕೆಟ್ಟು, ರಬ್ಬರ್ ವೈಪರ್ ಇರುತ್ತದಲ್ಲ, ಅದು ಬೇಡ. ಬೆಳಗಿನಿಂದ ಎಷ್ಟು ಲಾರಿಯ ಮಣ್ಣು ಅದರಲ್ಲಿ ಇಳಿದಿದೆಯೋ. ಜಡಿಮಳೆಯಲ್ಲಿ ಗ್ಲೌಸಿನಿಂದ ಶೀಲ್ಡ್ ಒರೆಸುವುದೂ ಅಷ್ಟೇ ಕೆಟ್ಟದ್ದು, ಗ್ಲೌಸಿನ ಹಿಂಬದಿಯಲ್ಲಿ ಚಕ್ರ ಎರಚಿದ ಮರಳಿರುತ್ತದೆ.

ರಾತ್ರಿ ಗಾಡಿಗೆ ಹೊದಿಸುವ ಕವರಿನ ಒಳಮೈ ಒಮ್ಮೆ ಸವರಿ ನೋಡಿ. ಧೂಳು ಹಿಡಿದ ಕವರು ಗಾಳಿಗೆ ಇಡೀ ರಾತ್ರಿ ಪಟಪಟನೆ ಬಡಿಯುತ್ತಾ ಉಪ್ಪುಕಾಗದದ ಕೆಲಸ ಮಾಡುತ್ತದೆ. ಕೊಳೆ ಗಾಡಿಗೆ ಕವರು ಹಾಕುವುದಕ್ಕಿಂತ ಬಿಡುವುದೇ ಮೇಲು.

## ಬಟ್ಟೆಗಳ ಆರೈಕೆ

ಮೈಕ್ರೊಫೈಬರನ್ನು ಮನೆಯ ಬಟ್ಟೆಗಳ ಜೊತೆ ಒಗೆಯಬೇಡಿ, ಹತ್ತಿಯ ಜುಂಗು ಅಂಟುತ್ತದೆ. ಕಂಫರ್ಟಿನಂಥ ಸಾಫ್ಟನರ್ ಹಾಕಿದರೆ ಎಳೆಗಳಿಗೆ ಜಿಡ್ಡು ಕೂತು ನೀರು ಹೀರುವುದು ನಿಲ್ಲುತ್ತದೆ. ಒಗೆಯುವ ಕಲ್ಲಿನ ಮೇಲೆ ಬಡಿಯುವುದಂತೂ ಕೂಡದು. ಲಿಕ್ವಿಡ್ ಡಿಟರ್ಜೆಂಟಿನಲ್ಲಿ ಕೈಯಿಂದ ಹಿಂಡಿ, ಧೂಳಿಲ್ಲದ ಕಡೆ ಒಣಗಿಸಿ, ಜಿಪ್ ಕವರಿನಲ್ಲಿಡಿ. ಚೈನು, ರಿಮ್ಮು ಒರೆಸಿದ ಬಟ್ಟೆ ಎಷ್ಟೇ ಒಗೆದರೂ ಶೀಲ್ಡಿಗೆ ವಾಪಸ್ ಬರಬಾರದು. ಬಣ್ಣ ಬೇರೆ ಬೇರೆ ಇರಲಿ ಎಂದದ್ದು ಇದಕ್ಕೇ.

## ಗೀರು ಬಿದ್ದಾಗಿದೆ, ಈಗೇನು?

ತೊಳೆದು ಒಣಗಿಸಿದ ಮೇಲೆ ಉಗುರಿನ ತುದಿಯನ್ನು ಗೀರಿನ ಅಡ್ಡಕ್ಕೆ ಹಗುರಾಗಿ ಹಾಯಿಸಿ. ಉಗುರು ಸಿಕ್ಕಿಕೊಂಡರೆ ಗೀರು ಆಳದ್ದು, ಪಾಲಿಶಿಗೆ ಹೋಗುವುದಿಲ್ಲ. ಸಿಕ್ಕದಿದ್ದರೆ, ಲೇಪನವಿಲ್ಲದ ಶೀಲ್ಡಾದರೆ, ಅಕ್ರಿಲಿಕ್ಕಿಗೆ ಮತ್ತು ಪಾಲಿಕಾರ್ಬೊನೇಟಿಗೆ ಆಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರುವ ಪ್ಲಾಸ್ಟಿಕ್ ಪಾಲಿಶನ್ನು ಹೊಸ ಬಟ್ಟೆಗೆ ಕಡಲೆಕಾಳಿನಷ್ಟು ತೆಗೆದುಕೊಂಡು ಅಂಗೈ ಅಗಲದ ಜಾಗಕ್ಕೆ ಮಾತ್ರ ಹಚ್ಚಿ. ಪೇಂಟಿಗೆ ಬಳಸುವ ರಬ್ಬಿಂಗ್ ಕಾಂಪೌಂಡ್ ಬೇಡ. ಲೇಪನವಿರುವ ಶೀಲ್ಡಿಗೆ ಪಾಲಿಶ್ ಹಾಕಿದರೆ ಲೇಪನವೇ ಅಲ್ಲಲ್ಲಿ ಕಿತ್ತು, ಎಣ್ಣೆ ಚೆಲ್ಲಿದ ನೀರಿನಂತೆ ಬಣ್ಣಬಣ್ಣದ ತೇಪೆ ಕಾಣುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಶೀಲ್ಡ್ ಬದಲಿಸಲೇಬೇಕಾದ ಗುರುತುಗಳು ಮೂರು: ಬೋಲ್ಟಿನ ತೂತಿನಿಂದ ಹೊರಟ ಬಿರುಕು, ನೋಡುವ ಎತ್ತರದಲ್ಲೇ ಬಿದ್ದ ಆಳದ ಗೀರು, ಮತ್ತು ತೊಳೆದ ಮೇಲೂ ರಾತ್ರಿ ಎದುರಿನ ಲೈಟು ಹೂವಿನಂತೆ ಅರಳಿ ರಸ್ತೆಯನ್ನು ಮರೆಮಾಡುವುದು. ಮೂರನೆಯದನ್ನು "ಅಡ್ಜಸ್ಟ್" ಮಾಡಿಕೊಂಡು ಓಡಿಸುವವರು ಬಹಳ. ದಯವಿಟ್ಟು ಬೇಡ, ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರು ನಿಂತಿರುವುದು ಆ ಮಬ್ಬಿನ ಹಿಂದೆಯೇ.

ಹೊಸದನ್ನು ಕೂರಿಸುವಾಗ ರಬ್ಬರ್ ವಾಷರ್‌ಗಳೂ ಹೊಸವಿರಲಿ. ಬೋಲ್ಟನ್ನು ವಾಷರ್ ಮೆತ್ತಗೆ ಕೂರುವವರೆಗೆ ಮಾತ್ರ ಬಿಗಿಯಿರಿ, ವಾಷರ್ ಉಬ್ಬಿ ಹೊರಗೆ ಬಂದರೆ ಅತಿಯಾಯಿತು ಎಂದೇ ಅರ್ಥ. ಬಿಚ್ಚಿದ ಹಳೆಯ ಶೀಲ್ಡನ್ನು ಗುಜರಿಗೆ ಹಾಕಬೇಡಿ. ಹೊಸ ಶಾಂಪೂ, ಹೊಸ ಪಾಲಿಶ್, ಯಾರೋ ಹೇಳಿದ ಹೊಸ ದ್ರವ ಏನೇ ತಂದರೂ ಮೊದಲು ಅದರ ಬೋಲ್ಟ್ ತೂತಿನ ಸುತ್ತ ಹಚ್ಚಿ, ಒಂದು ದಿನ ಬಿಟ್ಟು, ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ.